ಡೇರ್ ನೀಲಿ, ಡೀ ಕೆಂಪು, ಡಾಸ್ ಹಸಿರು

ಜರ್ಮನ್ ಕಲಿಸುವವರಿಗೆ ನಾಮಪದಗಳ ಲಿಂಗ ಅಂದರೆ ಮುಗಿಯದ ತಲೆನೋವು. ಕನ್ನಡದಲ್ಲಿ ಮೇಜು, ದೀಪ ಎರಡೂ ನಪುಂಸಕ, ಯೋಚನೆ ಮಾಡುವ ಕೆಲಸವೇ ಇಲ್ಲ. ಜರ್ಮನ್‌ನಲ್ಲಿ ಮೇಜಿಗೆ ಟಿಶ್ ಅನ್ನುತ್ತಾರೆ, ಅದು ಪುಲ್ಲಿಂಗ. ದೀಪಕ್ಕೆ ಲಾಂಪೆ, ಅದು ಸ್ತ್ರೀಲಿಂಗ. ಹುಡುಗಿಗೆ ಮೇಡ್ಶೆನ್, ಅದು ನಪುಂಸಕ! ಪುಲ್ಲಿಂಗದ ಪದದ ಹಿಂದೆ ಡೇರ್, ಸ್ತ್ರೀಲಿಂಗಕ್ಕೆ ಡೀ, ನಪುಂಸಕಕ್ಕೆ ಡಾಸ್ ಅನ್ನುವ ಪುಟ್ಟ ಪದ ಬರುತ್ತದೆ. ಹಾಗಾಗಿ ಪ್ರತಿ ಪದವನ್ನೂ ಅದನ್ನು ಸೇರಿಸಿಯೇ ಬಾಯಿಪಾಠ ಮಾಡಬೇಕು.

ಈ ಬೇಸರ ಕಳೆಯಲು ನಾನು ಮೊದಲು ಹಿಡಿದದ್ದು ಕಹೂಟ್ ಅನ್ನುವ ಆನ್‌ಲೈನ್ ರಸಪ್ರಶ್ನೆ ಆಟ. ಪರದೆ ಮೇಲೆ ಪ್ರಶ್ನೆ, ಫೋನಿನಲ್ಲಿ ನಾಲ್ಕು ಬಣ್ಣದ ಗುಂಡಿ, ಹಿನ್ನೆಲೆಯಲ್ಲಿ ಸಂಗೀತ. ಮೊದಲ ದಿನವೇ ತರಗತಿ ಸಂತೆಯಾಯಿತು. ನಾನಂತೂ ಗೆದ್ದೆ ಅಂದುಕೊಂಡೆ.

ಮೂರು ವಾರದ ನಂತರ ಸುಮ್ನೆ ಒಂದು ಖಾಲಿ ಹಾಳೆ ಕೊಟ್ಟು, ಅದೇ ಪದಗಳಲ್ಲಿ 20 ಹೇಳಿ, ಲಿಂಗ ಸಮೇತ ಬರೆಯಿರಿ ಅಂದೆ. ಪ್ರತಿ ಆಟದಲ್ಲೂ ಮೊದಲು ಬರುತ್ತಿದ್ದ ಹುಡುಗ ಅರ್ಧಕ್ಕರ್ಧ ತಪ್ಪು ಮಾಡಿದ್ದ. ಯಾವಾಗಲೂ ಪಟ್ಟಿಯ ಕೆಳಗೇ ಇರುತ್ತಿದ್ದ ಹುಡುಗಿ 17 ಸರಿ ಬರೆದಿದ್ದಳು. ಕೇಳಿದರೆ, “ಆಟದಲ್ಲೂ ಗೊತ್ತಿರುತ್ತೆ ಮೇಡಂ, ಒತ್ತೋದು ತಡ ಆಗತ್ತೆ” ಅಂದಳು.

ಆಗ ಕೂತು ಅಂಕ ಹೇಗೆ ಬರುತ್ತೆ ಅಂತ ನೋಡಿದೆ. ಸರಿ ಉತ್ತರಕ್ಕೆ ಹೆಚ್ಚೆಂದರೆ 1000. ಕೊನೆಯ ಕ್ಷಣದಲ್ಲಿ ಒತ್ತಿದರೆ ಸುಮಾರು 500. ಕೊಟ್ಟ ಸಮಯದಲ್ಲಿ ಎಷ್ಟು ಪಾಲು ಕಳೆದಿರೋ ಅದಕ್ಕೆ ತಕ್ಕಂತೆ ಅಂಕ ಇಳಿಯುತ್ತದೆ. ನಾನು ಇಟ್ಟಿದ್ದದ್ದು 10 ಸೆಕೆಂಡು. ಅದರಲ್ಲಿ 5 ಸೆಕೆಂಡು ಯೋಚಿಸಿದವಳಿಗೆ 750. ಕಣ್ಣುಮುಚ್ಚಿ ಒತ್ತಿದವನಿಗೆ, ಅದೃಷ್ಟ ಇದ್ದರೆ, ಪೂರ್ತಿ ಸಾವಿರ. ಸಮಯವನ್ನು 60 ಸೆಕೆಂಡಿಗೆ ಏರಿಸಿದೆ. ಈಗ ಅದೇ 5 ಸೆಕೆಂಡಿಗೆ ಕಳೆಯುವುದು ಸುಮಾರು 40 ಅಂಕ ಮಾತ್ರ. ಎಲ್ಲರೂ ಒತ್ತಿದ ಕೂಡಲೇ ಪ್ರಶ್ನೆ ಮುಗಿಯುತ್ತದೆ, ಹಾಗಾಗಿ ಆಟವೇನೂ ಎಳೆಯಲಿಲ್ಲ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಹಲವು ಜರ್ಮನ್ ಪಠ್ಯಗಳಂತೆ ನಾನೂ ಬೋರ್ಡಿನ ಮೇಲೆ ಡೇರ್‌ಗೆ ನೀಲಿ, ಡೀಗೆ ಕೆಂಪು, ಡಾಸ್‌ಗೆ ಹಸಿರು ಬಳಸುತ್ತೇನೆ. ಕಹೂಟ್‌ನಲ್ಲಿ ಗುಂಡಿಗಳ ಕ್ರಮ ಕೆಂಪು, ನೀಲಿ, ಹಳದಿ, ಹಸಿರು. ನಾನು ಯೋಚಿಸದೆ ಡೇರ್, ಡೀ, ಡಾಸ್ ಅಂತ ತುಂಬಿಸಿದ್ದೆ. ಅಂದರೆ ಡೇರ್ ಕೆಂಪಾಗಿತ್ತು, ಡೀ ನೀಲಿಯಾಗಿತ್ತು! ವಾರಗಟ್ಟಲೆ ಬಣ್ಣದಲ್ಲಿ ಕಲಿಸಿದ್ದನ್ನು ನಾನೇ ಆಟದಲ್ಲಿ ಅಳಿಸುತ್ತಿದ್ದೆ. ಆಮೇಲೆ ಉತ್ತರಗಳ ಕ್ರಮ ಬದಲಾಗದಂತೆ ಮಾಡಿ, ಕೆಂಪಿಗೆ ಡೀ, ನೀಲಿಗೆ ಡೇರ್, ಹಸಿರಿಗೆ ಡಾಸ್ ಹಾಕಿದೆ. ನಡುವೆ ಹಳದಿ ಉಳಿಯಿತಲ್ವಾ, ಅದಕ್ಕೆ “ಗೊತ್ತಿಲ್ಲ” ಅಂತ ಬರೆದೆ. ಜಾಗ ತುಂಬಲು ಹಾಕಿದ ಈ ಹಳದಿಯೇ ನನಗೆ ಹೆಚ್ಚು ಕೆಲಸಕ್ಕೆ ಬಂತು. ಹಳದಿ ಜಾಸ್ತಿ ಬಿದ್ದ ಪದ ಮರುದಿನ ಮತ್ತೆ ಪಾಠಕ್ಕೆ ಬರುತ್ತದೆ.

ಆದರೂ ಮೂರರಲ್ಲಿ ಒಂದನ್ನು ಆರಿಸುವುದು ಬೇರೆ, ತಾನೇ ಬರೆಯುವುದು ಬೇರೆ. ಬರೆಸಲು ಎಚ್5ಪಿ ಹಿಡಿದೆ, ಅದು ಆನ್‌ಲೈನ್ ಅಭ್ಯಾಸಗಳನ್ನು ತಯಾರಿಸುವ ಸಾಧನ. ಬಿಟ್ಟ ಸ್ಥಳದಲ್ಲಿ ಪದವನ್ನು ಟೈಪ್ ಮಾಡಬೇಕು. ಮೊದಲ ವಾರ ದೂರೋ ದೂರು. ಯೂ (u) ಅಕ್ಷರದ ಮೇಲೆ ಎರಡು ಚುಕ್ಕಿ ಹಾಕಲು ಕೀಲಿಮಣೆಯಲ್ಲಿ ಬರದವರು ಯೂ ಆದ ಮೇಲೆ ಈ (e) ಅಕ್ಷರ ಸೇರಿಸಿ ಬರೆದಿದ್ದರು. ಜರ್ಮನ್‌ನಲ್ಲಿ ಅದು ಒಪ್ಪಿತ ರೂಪವೇ, ಆದರೆ ಯಂತ್ರ ಎಲ್ಲವನ್ನೂ ತಪ್ಪು ಅಂದಿತ್ತು. ಉತ್ತರ ತುಂಬುವಾಗ ಎರಡೂ ರೂಪ ಬರೆದು ನಡುವೆ ಓರೆಗೆರೆ ಹಾಕಿದರೆ ಎರಡನ್ನೂ ಒಪ್ಪುತ್ತದೆ. ದೊಡ್ಡಕ್ಷರ, ಸಣ್ಣಕ್ಷರ ನೋಡುವ ಆಯ್ಕೆಯನ್ನು ಮಾತ್ರ ಹಾಗೇ ಬಿಟ್ಟೆ. ಜರ್ಮನ್ ನಾಮಪದ ದೊಡ್ಡಕ್ಷರದಿಂದಲೇ ಶುರುವಾಗಬೇಕು, ಅಲ್ಲಿ ರಿಯಾಯಿತಿ ಇಲ್ಲ.

ಒಂದು ಬದಿಗೆ ಪದ, ಇನ್ನೊಂದು ಬದಿಗೆ ಅರ್ಥ ಇರುವ ಕಾರ್ಡಿಗೆ ಕ್ವಿಜ್‌ಲೆಟ್ ಆ್ಯಪ್ ಬಳಸಿದೆ. ನಾನು ರಾತ್ರಿ ಕೂತು ಮಾಡಿದ 200 ಕಾರ್ಡನ್ನು ಯಾರೂ ತೆರೆಯಲಿಲ್ಲ. ಅವರವರೇ ವಾರಕ್ಕೆ 8 ಮಾಡಿಕೊಳ್ಳಲಿ ಅಂದ ಮೇಲೆ ತೆರೆದರು. ಅಷ್ಟೇ ಕಥೆ.

ಮಾತಾಡಿಸುವುದು ಎಲ್ಲಕ್ಕಿಂತ ಕಷ್ಟ. ಆ ಚುಕ್ಕಿಯ ಸ್ವರವನ್ನೇ ತಗೊಳ್ಳಿ. ಬಾಯಿ “ಊ” ಆಕಾರದಲ್ಲಿ ಇಟ್ಟು ಒಳಗಿಂದ “ಈ” ಅನ್ನಬೇಕು. ಎಲ್ಲರ ಮುಂದೆ ಹೀಗೆ ತುಟಿ ಚೂಪು ಮಾಡಲು ಯಾರಿಗೆ ತಾನೆ ಮನಸ್ಸಾಗುತ್ತೆ? ಪ್ಯಾಡ್‌ಲೆಟ್ ಅಂದರೆ ಎಲ್ಲರೂ ಏನಾದರೂ ಅಂಟಿಸಬಹುದಾದ ಆನ್‌ಲೈನ್ ಗೋಡೆ, ಅದರ ಮೇಲೆ ದನಿ ಧ್ವನಿಮುದ್ರಿಸಿ ಹಾಕಬಹುದು. ನಾನು ಒಪ್ಪುವ ತನಕ ಬೇರೆಯವರಿಗೆ ಕಾಣದಂತೆ ಇಟ್ಟೆ. 30 ಸೆಕೆಂಡು ಮಾತು, ಎಷ್ಟು ಸಲ ಬೇಕಾದರೂ ಮತ್ತೆ ಮಾಡಬಹುದು. ಪಟ್ಟಿಯ ಕೆಳಗಿದ್ದ ಅದೇ ಹುಡುಗಿ ಏಳನೇ ಸಲದ್ದನ್ನು ಕಳಿಸಿದ್ದಳು. ಏಳು ಅಂತ ಗೊತ್ತಾದದ್ದು ಹೇಗೆ ಅಂದರೆ, ಧ್ವನಿಮುದ್ರಣದ ಕೊನೆಯಲ್ಲಿ ನಿಲ್ಲಿಸಲು ಮರೆತು, “ಅಬ್ಬಾ, ಏಳನೇದು” ಅಂತ ಕನ್ನಡದಲ್ಲಿ ಉಸಿರು ಬಿಟ್ಟಿದ್ದಳು.

ಅದನ್ನು ಕತ್ತರಿಸದೆ ಹಾಗೇ ಗೋಡೆಗೆ ಹಾಕಲಾ ಅಂತ ಕೇಳಿದೆ. ಹಾಕಿ ಮೇಡಂ ಅಂದಳು.