ವಾಕಿಂಗ್ ದಾರಿಯಲ್ಲಿ ಕಯೋಟಿ ಸಿಕ್ಕರೆ: ಬೀದಿನಾಯಿ ಕಲಿಸಿದ ಪಾಠ ಅಲ್ಲಿ ನಡೆಯೋದಿಲ್ಲ

ಮಗನ ಮನೆಗೋ ಮಗಳ ಮನೆಗೋ ಅಂತ ಕ್ಯಾಲಿಫೋರ್ನಿಯಾಕ್ಕೆ ಹೋದ ನಮ್ಮ ಹಿರಿಯರಿಗೆ ಮೊದಲ ವಾರ ಜೆಟ್ ಲ್ಯಾಗ್ ಕಾಟ. ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಎಚ್ಚರವಾಗುತ್ತದೆ. ಮನೆಮಂದಿಯೆಲ್ಲ ಮಲಗಿರುತ್ತಾರೆ. ಇನ್ನೇನು ಮಾಡೋದು, ಸ್ವೆಟರ್, ಮಂಕಿ ಟೋಪಿ ಹಾಕಿಕೊಂಡು ಐದೂವರೆಗೆ ವಾಕಿಂಗ್ ಹೊರಡುತ್ತಾರೆ. ರಸ್ತೆಯಲ್ಲಿ ನರಪಿಳ್ಳೆ ಇರುವುದಿಲ್ಲ. ನಾಯಿ, ತೋಳಗಳ ಕುಲಕ್ಕೆ ಸೇರಿದ ಅಲ್ಲಿನ ಕಾಡುಪ್ರಾಣಿ ಕಯೋಟಿ ಇರಬಹುದು. ರಾತ್ರಿಯ ಬೇಟೆ ಮುಗಿಸಿ ಅದು ವಾಪಸ್ ಹೋಗುವ ಹೊತ್ತೂ ಅದೇ.

ನೋಡಿದವರಿಗೆ ಮೊದಲು ಅನ್ನಿಸುವುದು, ಯಾರದೋ ಸಾಕುನಾಯಿ ತಪ್ಪಿಸಿಕೊಂಡು ಬಂದಿದೆ ಅಂತ. ಕಂದುಬೂದು ಮೈ, ನೆಟ್ಟಗೆ ನಿಂತ ದೊಡ್ಡ ಕಿವಿ, ಸಪೂರ ಕಾಲು, ತುದಿ ಕಪ್ಪಾದ ಪೊದೆಯಂಥ ಬಾಲ. ಓಡುವಾಗ ಆ ಬಾಲ ಕೆಳಗೆ ಇಳಿಬಿದ್ದಿರುತ್ತದೆ. ನಾಯಿಯಲ್ಲ ಅಂತ ಗೊತ್ತಾಗುವುದು ಹೆಚ್ಚಾಗಿ ಅದರಿಂದಲೇ. ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ತೂಕ ಸುಮಾರು 9ರಿಂದ 20 ಕಿಲೋ. ತುಪ್ಪಳ ದಟ್ಟವಾಗಿರುವುದರಿಂದ ಇರುವುದಕ್ಕಿಂತ ದಪ್ಪ ಕಾಣುತ್ತದೆ.

ಫ್ರೀಮಾಂಟ್‌ನಲ್ಲಿ ಇದರ ಹೆಸರಿನ ಗುಡ್ಡವೇ ಇದೆ, ಕಯೋಟಿ ಹಿಲ್ಸ್. ಸ್ಯಾನ್ ಹೋಸೆಯಲ್ಲಿ ಕಯೋಟಿ ಕ್ರೀಕ್ ಅನ್ನುವ ಹೊಳೆಯ ಪಕ್ಕ ಉದ್ದಕ್ಕೂ ಕಾಲುದಾರಿ. ಹಾಗಂತ ಗುಡ್ಡಗಾಡಿಗೆ ಹೋದರೆ ಮಾತ್ರ ಕಾಣುತ್ತದೆ ಅಂದುಕೊಳ್ಳಬೇಡಿ. ಹವಾಯಿ ಒಂದನ್ನು ಬಿಟ್ಟರೆ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಕಯೋಟಿ ಇದೆ. ತೋಳಗಳನ್ನು ಕೊಂದು ಮುಗಿಸಿದ ಮೇಲೆ ಆ ಖಾಲಿ ಜಾಗಕ್ಕೆ ಇದು ಹಬ್ಬಿತು. 2007ರಲ್ಲಿ ಶಿಕಾಗೊ ನಗರದ ನಟ್ಟನಡುವೆ ಒಂದು ಕಯೋಟಿ ಸ್ಯಾಂಡ್‌ವಿಚ್ ಅಂಗಡಿಗೆ ನುಗ್ಗಿ, ಜ್ಯೂಸ್ ಬಾಟಲಿಗಳ ಕೂಲರ್ ಒಳಗೆ ಕೂತುಬಿಟ್ಟಿತ್ತು.

ಹೆದರಬೇಕಾ? ಅಮೆರಿಕ, ಕೆನಡಾ ಎರಡೂ ಸೇರಿ ಕಯೋಟಿ ದಾಳಿಯಿಂದ ಸತ್ತವರೆಂದು ದಾಖಲಾಗಿರುವುದು ಇಬ್ಬರು. 1981ರಲ್ಲಿ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ ಮೂರು ವರ್ಷದ ಮಗು, 2009ರಲ್ಲಿ ಕೆನಡಾದ ಕೇಪ್ ಬ್ರೆಟನ್ ಕಾಡುದಾರಿಯಲ್ಲಿ ಒಂಟಿಯಾಗಿ ನಡೆಯುತ್ತಿದ್ದ 19 ವರ್ಷದ ಗಾಯಕಿ. ಅಮೆರಿಕದಲ್ಲಿ ನಾಯಿ ಕಚ್ಚಿಯೇ ವರ್ಷಕ್ಕೆ ಹತ್ತಾರು ಜನ ಸಾಯುತ್ತಾರೆ. ಹಾಗಾಗಿ ವಾಕಿಂಗ್ ಬಿಡುವ ಅಗತ್ಯವಿಲ್ಲ. ಆದರೆ ಎದುರಾದಾಗ ಏನು ಮಾಡಬೇಕು ಅನ್ನೋದು ಮೊದಲೇ ಗೊತ್ತಿರಬೇಕು. ಯಾಕೆಂದರೆ ನಮಗೆ ತಾನಾಗಿ ತೋಚುವುದು ಹೆಚ್ಚುಕಮ್ಮಿ ಎಲ್ಲವೂ ಅಲ್ಲಿ ತಪ್ಪು.

ನಾಯಿ ಬೇರೆ, ಇದು ಬೇರೆ

ನಮ್ಮೂರ ಬೀದಿಗಳಲ್ಲಿ ಬೆಳೆದವರಿಗೆ ನಾಯಿ ಮುಂದೆ ಹೇಗಿರಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ. ಓಡಬೇಡ. ಸುಮ್ನೆ ನಿಲ್ಲು. ಕಣ್ಣಿಗೆ ಕಣ್ಣು ಕೊಡಬೇಡ. ತೀರಾ ಮೇಲೆ ಬಂದರೆ ಬಗ್ಗಿ ಕಲ್ಲು ಎತ್ತುವ ಹಾಗೆ ಮಾಡು. ಬಿಸ್ಕತ್ತಿದ್ದರೆ ಎಸೆದು ಸ್ನೇಹ ಮಾಡಿಕೊ. ಇದರಲ್ಲಿ ‘ಓಡಬೇಡ’ ಅನ್ನೋದೊಂದನ್ನು ಇಟ್ಟುಕೊಂಡು ಮಿಕ್ಕಿದ್ದನ್ನೆಲ್ಲ ವಿಮಾನ ಹತ್ತುವ ಮುಂಚೆ ಮರೆತುಬಿಡಿ.

ಬೀದಿನಾಯಿಯದು ಜಾಗದ ಜಗಳ. ನೀವು ಸುಮ್ಮನಾದರೆ ಅದೂ ಸುಮ್ಮನಾಗುತ್ತದೆ. ಕಯೋಟಿ ಜಗಳಕ್ಕೆ ಬಂದಿರುವುದಿಲ್ಲ, ನಿಮ್ಮನ್ನು ಅಳೆಯುತ್ತಿರುತ್ತದೆ. ಈ ಮನುಷ್ಯನಿಗೆ ಹೆದರಬೇಕಾ, ಬೇಡವಾ? ಕಲ್ಲಿನಂತೆ ಮಾತಿಲ್ಲದೆ ನಿಂತರೆ ಅದಕ್ಕೆ ಉತ್ತರ ಸಿಗುವುದಿಲ್ಲ. ತಲೆ ತಗ್ಗಿಸಿದರೆ ಬೇಡದ ಉತ್ತರ ಸಿಗುತ್ತದೆ. ಬಗ್ಗುವುದಂತೂ ಇನ್ನೂ ಕೆಟ್ಟದ್ದು. ನಮ್ಮ ನಾಯಿಗಳು ಕಲ್ಲೇಟು ತಿಂದು ಬೆಳೆದವು, ಮನುಷ್ಯ ಬಗ್ಗಿದರೆ ಏನು ಬರುತ್ತದೆ ಅಂತ ಅವಕ್ಕೆ ಗೊತ್ತು. ಕಯೋಟಿಗೆ ಕಾಣುವುದು ಇಷ್ಟೇ: ಎತ್ತರದ ಪ್ರಾಣಿ ಇದ್ದಕ್ಕಿದ್ದಂತೆ ಗಿಡ್ಡವಾಯಿತು.

ಹೊರಡುವ ಮುಂಚೆ

ಕೈಯಲ್ಲಿ ಒಂದು ಛತ್ರಿ ಇರಲಿ, ಗುಂಡಿ ಒತ್ತಿದರೆ ಫಟ್ ಅಂತ ಬಿಚ್ಚಿಕೊಳ್ಳುವಂಥದ್ದು. ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಮಳೆಗೂ ಆಯ್ತು, ಊರಿಕೊಳ್ಳುವುದಕ್ಕೂ ಆಯ್ತು. ಕೊರಳಿಗೆ ಒಂದು ಸೀಟಿ. ಜೇಬಿನಲ್ಲಿ ನಾಲ್ಕೈದು ಸಣ್ಣ ಕಲ್ಲು, ಆಗ ಬಗ್ಗುವ ಪ್ರಶ್ನೆಯೇ ಬರುವುದಿಲ್ಲ. ಕತ್ತಲಿದ್ದರೆ ಟಾರ್ಚ್.

ವಿಷ್ಣು ಸಹಸ್ರನಾಮವೋ ಭಾವಗೀತೆಯೋ ಕೇಳಿಕೊಂಡು ನಡೆಯುವ ಅಭ್ಯಾಸವಿದ್ದರೆ ಇಯರ್‌ಫೋನ್ ಒಂದೇ ಕಿವಿಗೆ ಹಾಕಿ. ಇನ್ನೊಂದು ದಾರಿಯ ಕಡೆಗಿರಲಿ. ಬೆಳಕು ಹರಿದ ಮೇಲೆ ಹೊರಡುವುದು ಎಲ್ಲಕ್ಕಿಂತ ಒಳ್ಳೆಯದು, ಜೊತೆಗೊಬ್ಬರಿದ್ದರೆ ಇನ್ನೂ ಒಳ್ಳೆಯದು. ಫೋನ್ ಮರೆಯಬೇಡಿ. ಎಷ್ಟೋ ಹಿರಿಯರ ಫೋನು ಅಲ್ಲಿ ಮನೆಯ ವೈಫೈ ದಾಟಿದರೆ ಬರೀ ಆಟದ ಸಾಮಾನು. ಮಕ್ಕಳಿಗೆ ಹೇಳಿ ಒಂದು ಲೋಕಲ್ ಸಿಮ್ ಹಾಕಿಸಿಕೊಳ್ಳಿ. ಮನೆ ನಂಬರು, ರಸ್ತೆಯ ಹೆಸರು ಬಾಯಿಗೆ ಬರುವಂತಿರಲಿ.

ಕಂಡಾಗ

ದೂರದಲ್ಲಿ ತನ್ನ ಪಾಡಿಗೆ ಹೋಗುತ್ತಿದ್ದರೆ ಏನೂ ಮಾಡಬೇಡಿ. ನಿಂತು ನೋಡಿ, ಹೋಗಲು ಬಿಡಿ. ಹಗಲಲ್ಲಿ ಕಂಡ ಮಾತ್ರಕ್ಕೆ ಅದಕ್ಕೆ ಹುಚ್ಚು ಹಿಡಿದಿದೆ ಅಂತಲ್ಲ. ಊರಿನ ಕಯೋಟಿ ಜನರ ಗಲಾಟೆ ತಪ್ಪಿಸಲು ರಾತ್ರಿ ಓಡಾಡುತ್ತದೆ ಅಷ್ಟೆ, ಹಗಲೂ ಅದಕ್ಕೆ ಸಹಜವೇ. ಫೋಟೊ ತೆಗೆಯುವ ಆಸೆಗೆ ಹತ್ತಿರ ಹೋಗುವವರನ್ನು ನಿಲ್ಲಿಸುವುದೇ ಕಷ್ಟ. ವಾಟ್ಸ್ಯಾಪ್‌ಗೆ ಝೂಮ್ ಸಾಕು.

ಅದು ನಿಂತು ನಿಮ್ಮನ್ನೇ ನೋಡುತ್ತಿದ್ದರೆ ಅಥವಾ ನಿಮ್ಮತ್ತ ಬರುತ್ತಿದ್ದರೆ ಕೆಲಸ ಶುರು. ಜೊತೆಯಲ್ಲಿ ಚಿಕ್ಕ ಮಗುವಿದ್ದರೆ ಮೊದಲು ಎತ್ತಿಕೊಳ್ಳಿ, ಕಣ್ಣನ್ನು ಕಯೋಟಿಯ ಮೇಲಿಂದ ತೆಗೆಯದೆ. ಆಮೇಲೆ ಕೈ ಮೇಲೆತ್ತಿ, ಮಗು ಇಲ್ಲದಿದ್ದರೆ ಎರಡೂ ಕೈ. ಮೈಮೇಲೆ ಶಾಲಿದ್ದರೆ ತಲೆಯ ಮೇಲೆ ಅಗಲವಾಗಿ ಬಿಚ್ಚಿ ಹಿಡಿಯಿರಿ. ನೇರ ಕಣ್ಣಲ್ಲಿ ಕಣ್ಣಿಟ್ಟು ಕೂಗಿ. ಗದ್ದೆಗೆ ಬಿದ್ದ ಹಂದಿಯನ್ನು ಓಡಿಸುವಂಥ ಗಂಟಲು ಬೇಕು. ‘ಅಯ್ಯೋ’ ಅನ್ನುವ ಕೀರಲು ದನಿ ಬೇಡ. ‘ಹಚಾ! ಹೋಗಾಚೆ!’ ಅಂದರೂ ನಡೆಯುತ್ತದೆ, ಅದಕ್ಕೇನು ಇಂಗ್ಲಿಷೇ ಆಗಬೇಕೆಂದಿಲ್ಲ.

ಇಲ್ಲಿ ನಮ್ಮವರಿಗೆ ನಿಜವಾದ ಅಡ್ಡಿ ಸಂಕೋಚ. ಊರಲ್ಲಿ ಬೀದಿ ಕೊನೆಯಿಂದ ಸೊಪ್ಪಿನವಳನ್ನು ಕೂಗಿ ಕರೆಯುವ ಅಮ್ಮಂದಿರು ಅಲ್ಲಿ ಪಿಸುಗುಟ್ಟುವಂತಾಗಿರುತ್ತಾರೆ. ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೋ ಅನ್ನೋ ಭಯ. ಏನೂ ಅಂದುಕೊಳ್ಳುವುದಿಲ್ಲ. ಅಲ್ಲಿನ ಉದ್ಯಾನ ಇಲಾಖೆಗಳೇ ಬೋರ್ಡ್ ಹಾಕಿ ಹೇಳುವುದು ಇದನ್ನೇ: ದೊಡ್ಡದಾಗಿ ಕಾಣಿಸಿಕೊಳ್ಳಿ, ಜೋರಾಗಿ ಕೂಗಿ.

ಇನ್ನೊಂದು ವಿಷಯ ಗಮನಿಸಿ. ಮೊದಲ ಕೂಗಿಗೇ ಅದು ಬಾಲ ಮುದುಡಿ ಓಡಬೇಕೆಂದಿಲ್ಲ. ಸಾಮಾನ್ಯವಾಗಿ ಹತ್ತು ಹೆಜ್ಜೆ ಹೋಗುತ್ತದೆ, ಅಡ್ಡಡ್ಡ ನಿಲ್ಲುತ್ತದೆ, ಭುಜದ ಮೇಲಿಂದ ತಿರುಗಿ ನೋಡುತ್ತದೆ. ಕೆಲವೊಮ್ಮೆ ಕೂತೇಬಿಡುತ್ತದೆ. ಸಾಕು, ಹೋಯ್ತು ಅಂತ ನೀವು ಬೆನ್ನು ತಿರುಗಿಸುವುದು ಆಗಲೇ. ತಿರುಗಿಸಬೇಡಿ. ಛತ್ರಿಯನ್ನು ಅದರತ್ತ ಹಿಡಿದು ಫಟ್ ಅನ್ನಿಸಿ, ಮುಚ್ಚಿ, ಮತ್ತೆ ಬಿಚ್ಚಿ. ಕಲ್ಲನ್ನು ಅದರ ಮುಂದೆ ನೆಲಕ್ಕೆ ಬೀಳುವಂತೆ ಎಸೆಯಿರಿ, ಮೈಗೆ ಬೇಡ. ಗಾಯ ಮಾಡುವುದಲ್ಲ, ಓಡಿಸುವುದು ಉದ್ದೇಶ. ಕಣ್ಣಿಗೆ ಕಾಣದಷ್ಟು ದೂರ ಹೋಗುವವರೆಗೂ ಬಿಡಬೇಡಿ. ಅರ್ಧಕ್ಕೆ ಬಿಟ್ಟರೆ, ಸ್ವಲ್ಪ ಹೊತ್ತು ಕಾದರೆ ಮನುಷ್ಯ ಸುಮ್ಮನಾಗುತ್ತಾನೆ ಅನ್ನೋದನ್ನು ನೀವೇ ಅದಕ್ಕೆ ಕಲಿಸಿದ ಹಾಗೆ. ಹಾಂ, ಅದಕ್ಕೆ ಓಡಲು ದಾರಿ ಇರಬೇಕು. ಬೇಲಿಗೆ, ಗೋಡೆಗೆ ಒತ್ತಿ ನಿಲ್ಲಿಸಿಕೊಂಡು ಕೂಗಬೇಡಿ. ಕುಂಟುತ್ತಿದ್ದರೆ, ರೋಗ ಬಂದಂತೆ ತೂರಾಡುತ್ತಿದ್ದರೆ ಓಡಿಸುವ ಗೋಜು ಬೇಡ. ದೂರ ಸರಿದು ಫೋನ್ ಮಾಡಿ, ಯಾವ ನಂಬರಿಗೆ ಅನ್ನೋದು ಕೊನೆಯಲ್ಲಿದೆ.

ಜಾಗಿಂಗ್ ಮಾಡುವವರು ಕಂಡ ಕೂಡಲೇ ಓಟ ನಿಲ್ಲಿಸಬೇಕು. ಓಡುವುದನ್ನು ಅಟ್ಟಿಸಿಕೊಂಡು ಹೋಗುವುದು ಈ ಜಾತಿಗೆ ರಕ್ತದಲ್ಲೇ ಬಂದದ್ದು. ಗಂಟೆಗೆ 60 ಕಿಲೋಮೀಟರ್ ಮುಟ್ಟುವ ಪ್ರಾಣಿಯನ್ನು ಓಟದಲ್ಲಿ ಸೋಲಿಸುವ ಆಸೆ ಬೇಡ. ಸೈಕಲ್‌ನವರು ಇಳಿದು, ಸೈಕಲನ್ನು ಅಡ್ಡ ಇಟ್ಟುಕೊಳ್ಳಿ.

ಏಪ್ರಿಲ್‌ನಿಂದ ಆಗಸ್ಟ್

ಈ ತಿಂಗಳುಗಳಲ್ಲಿ ಲೆಕ್ಕವೇ ಬೇರೆ. ನಮ್ಮವರು ಮಕ್ಕಳ ಮನೆಗೆ ಹೆಚ್ಚಾಗಿ ಹೋಗುವುದೂ ಆಗಲೇ, ಅಲ್ವಾ? ಕಯೋಟಿಗಳು ಜನವರಿಯಿಂದ ಮಾರ್ಚ್ ಒಳಗೆ ಕೂಡುತ್ತವೆ. ಗರ್ಭ ಎರಡು ತಿಂಗಳು. ಏಪ್ರಿಲ್, ಮೇ ಹೊತ್ತಿಗೆ ಗೂಡಿನಲ್ಲಿ ಮರಿಗಳು. ಅಪ್ಪ ಅಮ್ಮ ಎರಡೂ ಕಾವಲಿಗೆ ನಿಲ್ಲುತ್ತವೆ.

ಆಗ ನಡೆಯುವುದು ಹೀಗೆ. ನೀವು ದಿನಾ ಹೋಗುವ ದಾರಿಯಲ್ಲಿ ಒಂದು ಕಯೋಟಿ ನಿಂತಿದೆ. ಕೂಗಿದರೂ ಕದಲುವುದಿಲ್ಲ. ಬೆನ್ನು ಬಿಲ್ಲಿನಂತೆ ಬಾಗಿಸಿ, ಬಾಯಿ ತೆರೆದು ಬುಸುಗುಟ್ಟಬಹುದು. ನೀವು ಹಿಂದೆ ಸರಿದರೆ ಅಷ್ಟೇ ಅಂತರ ಇಟ್ಟುಕೊಂಡು ಹಿಂಬಾಲಿಸುತ್ತದೆ. ಬೇಟೆಗೆ ಬರುತ್ತಿದೆ ಅಂತ ಎದೆ ಝಲ್ ಅನ್ನುತ್ತದೆ. ಆದರೆ ಅದು ಮಾಡುತ್ತಿರುವುದು ನಿಮ್ಮನ್ನು ಗೂಡಿನ ಹತ್ತಿರದಿಂದ ಆಚೆ ದಾಟಿಸುವ ಕೆಲಸ. ಒಂದು ಹಂತದವರೆಗೆ ಬಂದು ತಾನಾಗಿ ನಿಂತುಬಿಡುತ್ತದೆ.

ಇಂಥ ಹೊತ್ತಲ್ಲಿ ಶೌರ್ಯ ತೋರಿಸಬಾರದು. ಮುನ್ನುಗ್ಗಬೇಡಿ, ಕಲ್ಲು ಬೇಡ. ಮುಖ ಅದರ ಕಡೆಗೇ ಇಟ್ಟು, ನಿಧಾನಕ್ಕೆ ಹಿಂದೆ ಹಿಂದೆ ಹೆಜ್ಜೆ ಹಾಕಿ, ಬಂದ ದಾರಿಯಲ್ಲೇ ವಾಪಸ್. ಇನ್ನೂ ಹತ್ತಿರ ಬಂದರೆ ಮಾತ್ರ ಕೂಗಿ. ಕೆಲವು ವಾರ ಆ ದಾರಿ ಬಿಟ್ಟುಬಿಡಿ. ಸ್ಯಾನ್ ಫ್ರಾನ್ಸಿಸ್ಕೊದ ಪ್ರೆಸಿಡಿಯೊ ಉದ್ಯಾನದಲ್ಲಿ ಮರಿಗಳ ಕಾಲಕ್ಕೆ ಕೆಲವು ದಾರಿಗಳಲ್ಲಿ ನಾಯಿ ಒಯ್ಯುವುದನ್ನೇ ನಿಲ್ಲಿಸುತ್ತಾರೆ. ಅಂಥ ಬೋರ್ಡ್ ಕಂಡರೆ ಪಕ್ಕದಿಂದ ನುಸುಳುವ ನಮ್ಮ ಅಭ್ಯಾಸ ಅಲ್ಲಿ ಬೇಡ. 2024ರ ಜೂನ್‌ನಲ್ಲಿ ಅದೇ ಊರಿನ ಸಸ್ಯೋದ್ಯಾನದಲ್ಲಿ ಬೇಸಿಗೆ ಶಿಬಿರಕ್ಕೆ ಬಂದಿದ್ದ ಐದು ವರ್ಷದ ಹುಡುಗಿಗೆ ಕಯೋಟಿ ಕಚ್ಚಿತು. ಆಮೇಲೆ ಅಲ್ಲಿದ್ದ ಕಯೋಟಿಗಳನ್ನು ಗುಂಡಿಕ್ಕಿ ಕೊಂದರು.

ಮನೆಯ ನಾಯಿಯನ್ನು ಅಜ್ಜ ಅಜ್ಜಿ ವಾಕಿಂಗ್ ಒಯ್ಯುವುದು ಈಗ ಮಾಮೂಲು. ಕಯೋಟಿಗೆ ನಾಯಿ ಅಂದರೆ ಒಂದೋ ತನ್ನ ಜಾಗಕ್ಕೆ ಬಂದ ಶತ್ರು, ತೀರಾ ಪುಟ್ಟದಾದರೆ ಊಟ. ಉದ್ದಕ್ಕೆ ಬಿಚ್ಚಿಕೊಳ್ಳುವ ಹಗ್ಗ ಬೇಡ. ಆರಡಿಯ ಗಟ್ಟಿ ಹಗ್ಗ ಸಾಕು. ಕಯೋಟಿ ಕಂಡರೆ ಚಿಕ್ಕ ನಾಯಿಯನ್ನು ಎತ್ತಿಕೊಳ್ಳಿ, ದೊಡ್ಡದನ್ನು ಹತ್ತಿರಕ್ಕೆ ಎಳೆದುಕೊಳ್ಳಿ. ಅದನ್ನು ಛೂ ಬಿಡುವ ಯೋಚನೆ ಮಾಡಲೇಬೇಡಿ.

ಅನ್ನದ ಅಗುಳು

ವಾಕಿಂಗ್‌ನ ಸುರಕ್ಷತೆ ಅರ್ಧ ನಿರ್ಧಾರವಾಗುವುದು ಹಿತ್ತಲಲ್ಲಿ. ಕಯೋಟಿ ಧೈರ್ಯ ಮಾಡಿ ಹತ್ತಿರ ಬರುತ್ತದೆ ಅಂದರೆ ಅದರ ಹಿಂದೆ ಹೆಚ್ಚಾಗಿ ತಿಂಡಿ ಹಾಕಿದ ಕೈಯೊಂದಿರುತ್ತದೆ. ಬೇಕಂತಲೇ ಹಾಕಿರಬೇಕೆಂದೇನಿಲ್ಲ. ಕಾಗೆಗೆ ಅಂತ ಹಿತ್ತಲ ಕಟ್ಟೆ ಮೇಲೆ ಇಟ್ಟ ಅನ್ನ, ನಿನ್ನೆಯ ಚಪಾತಿ, ಬೆಕ್ಕಿಗೆ ಹೊರಗಿಟ್ಟ ಬಟ್ಟಲು, ಉದುರಿ ಕೊಳೆತ ಅಂಜೂರ. ಹಕ್ಕಿಗೆ ತೂಗುಹಾಕಿದ ಕಾಳು ಇಲಿ, ಅಳಿಲನ್ನು ಕರೆಯುತ್ತದೆ. ಇಲಿ ಕಯೋಟಿಯನ್ನು ಕರೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕಾಡುಪ್ರಾಣಿಗೆ ತಿನ್ನಲು ಹಾಕುವುದು ಕಾನೂನಿಗೂ ವಿರುದ್ಧ. ಕಾಗೆಯ ಪಾಲು ಇಡಲೇಬೇಕು ಅನ್ನುವವರು ಹಗಲಲ್ಲಿ ಇಟ್ಟು, ಅದು ತಿಂದ ಮೇಲೆ ಜಾಗ ತೊಳೆದುಬಿಡಿ. ಬಿಸ್ಕತ್ತು ಎಸೆಯುವ ಮಾತು ಮೊದಲೇ ಆಯ್ತು. ಇಂದು ಬಿಸ್ಕತ್ತು ಪಡೆದದ್ದು ನಾಳೆ ಅದೇ ದಾರಿಯಲ್ಲಿ ಬರುವ ಇನ್ಯಾರದೋ ಮಗುವಿನ ಕೈ ನೋಡುತ್ತದೆ.

ಕಚ್ಚಿಬಿಟ್ಟರೆ

ಗಾಯ ಸಣ್ಣದು ಅಂತ ಅರಿಸಿನ ಹಚ್ಚಿ ಸುಮ್ಮನಾಗಬೇಡಿ. ಹರಿಯುವ ನೀರು, ಸೋಪು, ಪೂರ್ತಿ 15 ನಿಮಿಷ ತೊಳೆಯಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಪ್ರಾಣಕ್ಕೆ ಅಪಾಯ ಅನ್ನಿಸಿದರೆ ತುರ್ತು ಸೇವೆಯ ನಂಬರು 911. ಮೇಲೆ ಎರಗಿಲ್ಲ ಆದರೆ ಪದೇ ಪದೇ ಹತ್ತಿರ ಬರುತ್ತಿದೆ ಅಂದರೆ ಸ್ಯಾನ್ ಫ್ರಾನ್ಸಿಸ್ಕೊ, ಸ್ಯಾನ್ ಹೋಸೆ, ಲಾಸ್ ಏಂಜಲೀಸ್, ಶಿಕಾಗೊದಂಥ ಊರುಗಳಲ್ಲಿ ನಗರಾಡಳಿತದ ಸಹಾಯವಾಣಿ 311ಕ್ಕೆ ತಿಳಿಸಬಹುದು. ಕಚ್ಚಿದ್ದರೆ ಮುಚ್ಚಿಡದೆ ಹೇಳಲೇಬೇಕು.

ರೇಬಿಸ್ ಲಸಿಕೆ ಹಿಂದೆ ತೆಗೆದುಕೊಂಡಿರದವರಿಗೆ ಅಲ್ಲಿ ನಾಲ್ಕು ಡೋಸ್ ಕೊಡುತ್ತಾರೆ: ಮೊದಲ ದಿನ, ಅಲ್ಲಿಂದ 3, 7 ಮತ್ತು 14ನೇ ದಿನ. ಜೊತೆಗೆ ಮೊದಲ ದಿನವೇ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್. ಊರಲ್ಲಿ ನಾಯಿ ಕಚ್ಚಿ ಪೂರ್ತಿ ಕೋರ್ಸ್ ಮುಗಿಸಿದ್ದವರಿಗೆ ಸಾಮಾನ್ಯವಾಗಿ ಎರಡೇ ಡೋಸ್, ಇಮ್ಯುನೊಗ್ಲಾಬ್ಯುಲಿನ್ ಬೇಕಾಗುವುದಿಲ್ಲ. ಅಲ್ಲಿನ ಬಿಲ್ಲು ನೋಡಿದವರಿಗೆ ಇದರ ಬೆಲೆ ಗೊತ್ತು. ಆದ್ದರಿಂದ ಹಳೆಯ ಇಂಜೆಕ್ಷನ್ ಚೀಟಿ ಬೀರುವಿನಲ್ಲಿದ್ದರೆ ಹೊರಡುವ ಮುಂಚೆ ಅದರ ಫೋಟೊ ತೆಗೆದು, ವಿಸಿಟರ್ ಇನ್ಶೂರೆನ್ಸ್ ಕಾಗದದ ಜೊತೆ ಫೋನಿನಲ್ಲಿ ಇಟ್ಟುಕೊಳ್ಳಿ.