ಗರಾಜಿನ ವಾಟರ್ ಹೀಟರ್‌ಗೆ ವಯಸ್ಸಾಗಿದೆಯಾ? ಸೋರುವ ಮುಂಚೆಯೇ ಬದಲಾಯಿಸಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮೊದಲ ಸಲ ಮನೆ ಕೊಳ್ಳುವ ನಮ್ಮವರು ಅಡುಗೆಮನೆಯನ್ನು, ಮಕ್ಕಳ ಸ್ಕೂಲನ್ನು ಚೆನ್ನಾಗಿ ವಿಚಾರಿಸುತ್ತಾರೆ. ಗರಾಜಿನ ಮೂಲೆಯಲ್ಲಿರುವ ವಾಟರ್ ಹೀಟರ್ ಕಡೆ ಮಾತ್ರ ಯಾರ ಗಮನವೂ ಹೋಗುವುದಿಲ್ಲ. ಊರಲ್ಲಿ ಬಚ್ಚಲಿನ ಗೀಸರ್ ಅಂದ್ರೆ 15 ಅಥವಾ 25 ಲೀಟರ್. ಕೆಟ್ಟರೆ ಆ ಒಂದು ಬಚ್ಚಲಿಗೆ ತೊಂದರೆ, ಅಷ್ಟೇ. ಇಲ್ಲಿ ಸಾಮಾನ್ಯವಾಗಿ ಇಡೀ ಮನೆಗೆ ಒಂದೇ ಟ್ಯಾಂಕ್. 40 ಅಥವಾ 50 ಗ್ಯಾಲನ್, ಅಂದ್ರೆ 150ರಿಂದ 190 ಲೀಟರ್ ನೀರು ಹಗಲೂ ರಾತ್ರಿ ಬಿಸಿಯಾಗಿಯೇ ಇರುತ್ತದೆ. ಟ್ಯಾಂಕ್ ತುಕ್ಕು ಹಿಡಿದು ತೂತಾದರೆ ಅದರೊಳಗಿನ ನೀರು ಹೋದ ಮೇಲೂ ಸೋರುವುದು ನಿಲ್ಲುವುದಿಲ್ಲ. ಮೇಲಿನ ಪೈಪಿನಿಂದ ತಣ್ಣೀರು ತುಂಬುತ್ತಲೇ ಇರುತ್ತದೆ, ನೆಲಕ್ಕೆ ಹರಿಯುತ್ತಲೇ ಇರುತ್ತದೆ. ಆ ಗಾಬರಿಯಲ್ಲಿ ಸಿಕ್ಕವರನ್ನು ಕರೆದು, ಕೇಳಿದಷ್ಟು ಕೊಡಬೇಕಾಗುತ್ತದೆ. ಅದಕ್ಕೇ ಹೇಳುತ್ತಿರುವುದು, ಸಮಯ ಇರುವಾಗಲೇ ನೋಡಿಕೊಳ್ಳಿ.

ಬಾಡಿಗೆ ಮನೆಯಾದರೆ ನಿಮ್ಮ ಕೆಲಸ ಸುಲಭ. ಮಾಲೀಕರಿಗೆ ಫೋಟೋ ಸಮೇತ ಇಮೇಲ್ ಮಾಡಿ, ನೀವಾಗಿ ಏನೂ ಬಿಚ್ಚಬೇಡಿ.

ಸ್ವಂತ ಮನೆಯಾದರೆ ಈ ಶನಿವಾರವೇ ಟ್ಯಾಂಕಿನ ಮೇಲೆ ಅಂಟಿಸಿರುವ ಲೇಬಲ್ ಓದಿ. ಎಷ್ಟೋ ಟ್ಯಾಂಕ್‌ಗಳಲ್ಲಿ ತಯಾರಾದ ದಿನಾಂಕವನ್ನು ನೇರವಾಗಿ ಬರೆದಿರುವುದಿಲ್ಲ, ಅದು ಸೀರಿಯಲ್ ನಂಬರಿನಲ್ಲಿ ಅಡಗಿರುತ್ತದೆ. ರೀಮ್ ಕಂಪನಿಯದಾದರೆ ಶುರುವಿನ ಅಕ್ಷರಗಳನ್ನು ಬಿಟ್ಟು ಮೊದಲ ನಾಲ್ಕು ಅಂಕಿ ನೋಡಿ. 0814 ಅಂದ್ರೆ 2014ರ ಆಗಸ್ಟ್. ಎ.ಒ. ಸ್ಮಿತ್‌ನ 2008ರ ಈಚಿನ ಟ್ಯಾಂಕ್‌ಗಳಲ್ಲಿ ಮೊದಲ ಎರಡು ಅಂಕಿ ವರ್ಷ, ಮುಂದಿನ ಎರಡು ವಾರ. ಬ್ರಾಡ್‌ಫರ್ಡ್ ವೈಟ್‌ನವರದು ಅಕ್ಷರಗಳ ಲೆಕ್ಕ, ಅವರ ಪಟ್ಟಿ ನೋಡಿಯೇ ತಿಳಿಯಬೇಕು. ಇಂಥ ಟ್ಯಾಂಕ್ ಸಾಮಾನ್ಯವಾಗಿ 8ರಿಂದ 12 ವರ್ಷ ಬಾಳುತ್ತದೆ. ನಿಮ್ಮದು ಹತ್ತು ದಾಟಿದ್ದರೆ ಇನ್ನು ರಿಪೇರಿಗೆ ದುಡ್ಡು ಸುರಿಯಬೇಡಿ.

ವಯಸ್ಸಿನ ಜೊತೆ ಲಕ್ಷಣಗಳನ್ನೂ ನೋಡಿ. ಸ್ಯಾನ್ ಹೋಸೆಯ ಕೆಲವು ಭಾಗಗಳಲ್ಲಿ ನೀರು ತುಂಬಾ ಗಡುಸು. ಅದರ ಸುಣ್ಣ ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಬರ್ನರ್ ಹೊತ್ತಿದಾಗ ಅನ್ನ ಕುದಿಯುವ ಪಾತ್ರೆಯ ಹಾಗೆ ಕೊತಕೊತ ಸದ್ದು ಬಂದರೆ ಅದೇ ಕಾರಣ. ಬಿಸಿನೀರಿನ ನಲ್ಲಿಯಲ್ಲಿ ಮಾತ್ರ ಕೆಂಪು ನೀರು, ಟ್ಯಾಂಕಿನ ಬುಡದಲ್ಲಿ ತುಕ್ಕಿನ ಗೆರೆ, ಕೆಳಗೆ ಒದ್ದೆ ಕಂಡರೆ ತಡ ಮಾಡಬೇಡಿ. ಟ್ಯಾಂಕ್ ಕಡೆ ಮುಖ ಮಾಡಿ ನಿಂತರೆ ಮೇಲೆ, ಹೆಚ್ಚಾಗಿ ಬಲಗಡೆ, ತಣ್ಣೀರಿನ ವಾಲ್ವ್ ಇರುತ್ತದೆ. ಅದನ್ನೂ ಗ್ಯಾಸ್ ವಾಲ್ವನ್ನೂ ಮುಚ್ಚುವುದು ಹೇಗೆ ಅಂತ ಮನೆಯವರೆಲ್ಲ ಕಲಿತಿರಲಿ.

ಈಗ ಮುಖ್ಯವಾದ ವಿಷಯ, ಯಾರಿಂದ ಹಾಕಿಸುವುದು. ಕ್ಯಾಲಿಫೋರ್ನಿಯಾದಲ್ಲಿ ಹೀಟರ್ ಬದಲಾಯಿಸಲು ಸಿಟಿಯ ಪರ್ಮಿಟ್ ಬೇಕು. ಪರ್ಮಿಟ್ ಬೇಕಾದ ಕೆಲಸಕ್ಕೆ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಬೇಕು. ಪ್ಲಂಬಿಂಗಿನ ಲೈಸೆನ್ಸ್ ವರ್ಗ ಸಿ-36. ರಾಜ್ಯದ ಲೈಸೆನ್ಸ್ ಮಂಡಳಿಯಾದ ಸಿಎಸ್‌ಎಲ್‌ಬಿಯ ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಬಾಂಡ್ (ಕೆಲಸ ಕೆಡಿಸಿದರೆ ಪರಿಹಾರಕ್ಕಿರುವ ಖಾತರಿ) ಇದೆಯಾ, ಕೆಲಸಗಾರರ ವಿಮೆ ಇದೆಯಾ ಎಲ್ಲ ಕಾಣುತ್ತದೆ. "ಪರ್ಮಿಟ್ ಎಲ್ಲ ಸುಮ್ನೆ ಖರ್ಚು, ಬಿಡಿ" ಅನ್ನುವವರು ಸಿಗುತ್ತಾರೆ. ಅವರನ್ನು ಅಲ್ಲಿಂದಲೇ ವಾಪಸ್ ಕಳಿಸಿಬಿಡಿ. ಗ್ಯಾಸ್ ಹೀಟರಿನ ಹೊಗೆ ಕೊಳವೆ ಸರಿಯಾಗಿ ಕೂರದಿದ್ದರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಕ್ಕಳು ಮಲಗಿರುವ ಮನೆಯಲ್ಲಿ ಇನ್ನೂರು ಮುನ್ನೂರು ಡಾಲರ್ ಉಳಿಸಲು ಹೋಗಬಾರದು.

ಸಿಟಿಯ ಇನ್ಸ್‌ಪೆಕ್ಟರ್ ಬಂದಾಗ ಈ ಕೊಳವೆಯನ್ನು ನೋಡುತ್ತಾರೆ. ಭೂಕಂಪಕ್ಕೆಂದು ಕಟ್ಟುವ ಲೋಹದ ಪಟ್ಟಿಗಳನ್ನೂ ನೋಡುತ್ತಾರೆ. ಟ್ಯಾಂಕಿನ ಎತ್ತರವನ್ನು ಮೂರು ಪಾಲು ಮಾಡಿದರೆ ಮೇಲಿನ ಪಾಲಿಗೊಂದು, ಕೆಳಗಿನ ಪಾಲಿಗೊಂದು ಪಟ್ಟಿ ಇರಬೇಕು. ಇನ್ನೊಂದು, ಪಕ್ಕದಲ್ಲಿರುವ ಸುರಕ್ಷತಾ ವಾಲ್ವ್. ಒಳಗಿನ ಒತ್ತಡ 150 ಪಿಎಸ್‌ಐ ಅಥವಾ ಬಿಸಿ 210 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ತಾನೇ ತೆರೆದುಕೊಳ್ಳುತ್ತದೆ. ಅದರಿಂದ ಬರುವ ಪೈಪಿಗೆ ಯಾರೂ ಮುಚ್ಚಳ ಹಾಕಬಾರದು.

ಕನಿಷ್ಠ ಮೂರು ಕಡೆ ಕೊಟೇಶನ್ ತಗೊಳ್ಳಿ, ಬರಹದಲ್ಲೇ ತಗೊಳ್ಳಿ. ಹೀಟರಿನ ಮಾಡೆಲ್ ನಂಬರ್, ಪರ್ಮಿಟ್ ಫೀಸು, ಹಳೇ ಟ್ಯಾಂಕ್ ಸಾಗಿಸುವುದು, ಭೂಕಂಪದ ಪಟ್ಟಿಗಳು, ಬೇಕಾದರೆ ಎಕ್ಸ್‌ಪ್ಯಾನ್ಶನ್ ಟ್ಯಾಂಕ್ (ಬಿಸಿಯಾಗಿ ಹಿಗ್ಗುವ ನೀರಿಗೆ ಜಾಗ ಕೊಡುವ ಸಣ್ಣ ಟ್ಯಾಂಕ್), ಇವೆಲ್ಲ ಅದರಲ್ಲಿ ಇರಬೇಕು. ಇಲ್ಲದಿದ್ದರೆ ಕೆಲಸದ ದಿನ ಒಂದೊಂದಾಗಿ ಬಿಲ್ಲಿಗೆ ಸೇರುತ್ತವೆ. ಮುಂಗಡ ಕೊಡುವಾಗ ಕಾನೂನು ನೆನಪಿರಲಿ: ಒಟ್ಟು ಮೊತ್ತದ ಶೇ. 10 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅಷ್ಟೇ. 3,000 ಡಾಲರಿನ ಕೆಲಸಕ್ಕೆ 300ಕ್ಕಿಂತ ಜಾಸ್ತಿ ಕೇಳುವಂತಿಲ್ಲ.

ಗ್ಯಾಸಾ, ಕರೆಂಟಿನ ಹೀಟ್ ಪಂಪಾ? ಬೇ ಏರಿಯಾದ ವಾಯು ಗುಣಮಟ್ಟ ಮಂಡಳಿ 2023ರಲ್ಲಿ ಒಂದು ನಿಯಮ ಮಾಡಿತು. ಅದರ ಪ್ರಕಾರ ಮನೆಬಳಕೆಯ ಸಣ್ಣ ಗ್ಯಾಸ್ ಹೀಟರ್‌ಗಳ ಮೇಲೆ 2027ರ ಜನವರಿ 1ರಿಂದ ಕಟ್ಟುನಿಟ್ಟು. ಗ್ಯಾಸ್ ಉರಿಯುವಾಗ ಹುಟ್ಟುವ ನೈಟ್ರೋಜನ್ ಆಕ್ಸೈಡ್ ಬಿಡದ ಹೀಟರನ್ನೇ ಹೊಸದಾಗಿ ಹಾಕಬೇಕು. ಆರ್ಡರ್ ಕೊಡುವ ಮುಂಚೆ ನಿಯಮ ಈಗ ಹೇಗಿದೆ ಅಂತ ಮಂಡಳಿಯ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಹೀಟ್ ಪಂಪ್ ಸುತ್ತಲ ಗಾಳಿಯ ಶಾಖ ಹೀರಿ ನೀರು ಕಾಯಿಸುತ್ತದೆ, ಆದ್ದರಿಂದ ಕರೆಂಟ್ ಬಹಳ ಕಡಿಮೆ ಸಾಕು. ಆದರೆ ನೀರು ನಿಧಾನವಾಗಿ ಕಾಯುತ್ತದೆ, ಫ್ಯಾನಿನ ಸದ್ದಿದೆ, ಹೆಚ್ಚಿನವಕ್ಕೆ 240 ವೋಲ್ಟಿನ ಲೈನ್ ಎಳೆಸಬೇಕು. ಗರಾಜಿನಲ್ಲಿ ಜಾಗ ಇದ್ದರೆ ನಾನು ಇದನ್ನೇ ಹಾಕಿಸಿ ಅನ್ನುತ್ತೇನೆ. ಹೀಟ್ ಪಂಪ್‌ಗೆ ಸಿಗುತ್ತಿದ್ದ ಫೆಡರಲ್ ಟ್ಯಾಕ್ಸ್ ಕ್ರೆಡಿಟ್ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ, ಅದನ್ನು ತೋರಿಸಿ ಮಾರಲು ಬಂದರೆ ನಂಬಬೇಡಿ. ಸ್ಥಳೀಯ ವಿದ್ಯುತ್ ಸಂಸ್ಥೆಯ ರಿಬೇಟ್ ಇದೆಯಾ ಅಂತ ಕೆಲಸ ಶುರುವಾಗುವ ಮುಂಚೆಯೇ ಕೇಳಿ.

ಸೈಜು ಆರಿಸುವಾಗ ಹಳದಿ ಲೇಬಲ್ಲಿನಲ್ಲಿ ಮೊದಲ ಒಂದು ಗಂಟೆಯಲ್ಲಿ ಎಷ್ಟು ಗ್ಯಾಲನ್ ಬಿಸಿನೀರು ಕೊಡುತ್ತದೆ ಅಂತ ಬರೆದಿರುತ್ತದೆ, ಅದನ್ನು ನೋಡಿ. ಅಪ್ಪ ಅಮ್ಮ ಆರು ತಿಂಗಳು ಬಂದು ಇರುತ್ತಾರೆ ಅಲ್ವಾ, ಅವರನ್ನೂ ಲೆಕ್ಕಕ್ಕೆ ತಗೊಳ್ಳಿ. ನರಕ ಚತುರ್ದಶಿಯ ಬೆಳಗ್ಗೆ ಮನೆಮಂದಿಯೆಲ್ಲ ಎಣ್ಣೆ ಸ್ನಾನಕ್ಕೆ ನಿಂತಾಗ 40 ಗ್ಯಾಲನ್ ಬೇಗ ಮುಗಿಯುತ್ತದೆ. ಹೀಟ್ ಪಂಪ್ ಆದರೆ 65 ಗ್ಯಾಲನ್ ಒಳ್ಳೆಯದು.

ಹಾಕಿದ ದಿನವೇ ಉಷ್ಣತೆಯನ್ನು 120 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 49 ಸೆಲ್ಸಿಯಸ್‌ಗೆ ಇಡಿಸಿ. 140ರ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಮಗುವಿಗೆ ಅಥವಾ ವಯಸ್ಸಾದವರಿಗೆ ಅಷ್ಟರಲ್ಲಿ ಕೈ ಹಿಂದೆಗೆಯಲು ಆಗುವುದಿಲ್ಲ. ಕೊನೆಯ ಕಂತು ಕೊಡುವ ಮುಂಚೆ ಇನ್ಸ್‌ಪೆಕ್ಷನ್ ಪಾಸಾಗಿರಲಿ. ವಾರಂಟಿ ರಿಜಿಸ್ಟರ್ ಮಾಡಿ, ಪರ್ಮಿಟ್ ಕಾಗದವನ್ನು ಮನೆಪತ್ರಗಳ ಜೊತೆ ಇಡಿ. ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾರುವಾಗ ಹೀಟರನ್ನು ಪಟ್ಟಿ ಹಾಕಿ ಬಿಗಿದಿದೆ ಅಂತ ಮಾರುವವರೇ ಬರೆದು ಕೊಡಬೇಕಾಗುತ್ತದೆ.