ವ್ಯಾಲೆಟ್ ಅಪ್‌ಡೇಟ್ ಮಾಡಿ ಎಂಬ ಇಮೇಲ್ ಬಂದಾಗ

ಕ್ರಿಪ್ಟೊ ವ್ಯಾಲೆಟ್ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಇಂಥ ಇಮೇಲ್ ಬರುತ್ತದೆ. ನಿಮ್ಮ ವ್ಯಾಲೆಟ್‌ನ ಆವೃತ್ತಿ ಹಳೆಯದಾಗಿದೆ, ಅದರಲ್ಲಿ ಭದ್ರತಾ ಲೋಪ ಪತ್ತೆಯಾಗಿದೆ, 24 ಗಂಟೆಯೊಳಗೆ ಅಪ್‌ಡೇಟ್ ಮಾಡದಿದ್ದರೆ ಖಾತೆ ಸ್ಥಗಿತಗೊಳ್ಳುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಮೇಲೆ ಕಂಪನಿಯ ಲೋಗೊ, ಕೆಳಗೆ ಒತ್ತಲು ಒಂದು ಬಟನ್. ಆ ಬಟನ್ ಒತ್ತದೆ ನಿಜವಾದ ಅಪ್‌ಡೇಟ್ ಮಾಡಿಕೊಳ್ಳುವುದು ಹೇಗೆ, ಈಗಾಗಲೇ ಒತ್ತಿದ್ದರೆ ಯಾವ ಕ್ರಮದಲ್ಲಿ ಏನೇನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಕಾಗುಣಿತದ ತಪ್ಪು ಹುಡುಕಿ, ಕಳುಹಿಸಿದವರ ವಿಳಾಸ ನೋಡಿ, ಅನುಮಾನ ಬಂದರೆ ಅಳಿಸಿಬಿಡಿ ಎಂಬುದು ಸಾಮಾನ್ಯವಾಗಿ ಸಿಗುವ ಸಲಹೆ. ಅದು ತಪ್ಪಲ್ಲ, ಆದರೆ ಅದನ್ನಷ್ಟೇ ನೆಚ್ಚಿಕೊಂಡರೆ ಪತ್ರ ಅಸಲಿಯೋ ನಕಲಿಯೋ ಎಂದು ತೀರ್ಮಾನಿಸುವ ಹೊಣೆ ಪ್ರತಿ ಸಲವೂ ನಮ್ಮ ಮೇಲೆಯೇ ಬೀಳುತ್ತದೆ, ಮತ್ತು ಅಷ್ಟೂ ಸಲ ಸರಿಯಾಗಿ ತೀರ್ಮಾನಿಸಿದವರು ಕೆಲಸದ ಗಡಿಬಿಡಿಯಲ್ಲೋ ನಿದ್ದೆಗಣ್ಣಿನಲ್ಲೋ ಒಂದೇ ಒಂದು ಸಲ ಎಡವಿದರೂ ವ್ಯಾಲೆಟ್ ಪೂರ್ತಿ ಖಾಲಿಯಾಗಬಹುದು. ಆದ್ದರಿಂದ ಪತ್ರವನ್ನು ಪರೀಕ್ಷಿಸುವ ಗೋಜಿಗೆ ಹೋಗುವುದಕ್ಕಿಂತ, ಅಪ್‌ಡೇಟ್ ಎಂಬ ಕೆಲಸಕ್ಕೆ ಇಮೇಲ್‌ನ ದಾರಿಯನ್ನೇ ಮುಚ್ಚಿಬಿಡುವುದು ಹೆಚ್ಚು ಭದ್ರವೆಂದು ನಾನು ದೃಢವಾಗಿ ನಂಬುತ್ತೇನೆ. ಪತ್ರ ನಿಜವೇ ಆಗಿದ್ದರೂ ಅದರೊಳಗಿನ ಲಿಂಕ್ ಒತ್ತುವ ಅಗತ್ಯವಿಲ್ಲ. ನಿಜವಾದ ಅಪ್‌ಡೇಟ್ ಆ್ಯಪ್‌ನೊಳಗೋ ಕಂಪನಿಯ ಜಾಲತಾಣದಲ್ಲೋ ಸಿಕ್ಕೇ ಸಿಗುತ್ತದೆ.

ಅಪ್‌ಡೇಟ್‌ಗೆ ರಿಕವರಿ ಪದಗಳು ಬೇಕಿಲ್ಲ

ವ್ಯಾಲೆಟ್‌ನೊಳಗೆ ನಾಣ್ಯಗಳು ಇರುವುದಿಲ್ಲ. ಯಾವ ವಿಳಾಸದಲ್ಲಿ ಎಷ್ಟಿದೆ ಎಂಬ ಲೆಕ್ಕ ಬ್ಲಾಕ್‌ಚೈನ್‌ನಲ್ಲಿ, ಅಂದರೆ ಜಾಲದ ಹಲವು ಕಂಪ್ಯೂಟರ್‌ಗಳು ಹಂಚಿಕೊಂಡಿರುವ ಲೆಕ್ಕದ ಪುಸ್ತಕದಲ್ಲಿ ಇರುತ್ತದೆ. ಅಲ್ಲಿಂದ ಹಣ ಕಳುಹಿಸಲು ಬೇಕಾದ ಖಾಸಗಿ ಕೀಲಿಯನ್ನು ಕಾಯ್ದಿಡುವುದಷ್ಟೇ ವ್ಯಾಲೆಟ್‌ನ ಕೆಲಸ. ವ್ಯಾಲೆಟ್ ತೆರೆದ ದಿನ ಕಾಗದದ ಮೇಲೆ ಬರೆದುಕೊಳ್ಳಲು ಹೇಳಿದ 12 ಅಥವಾ 24 ಇಂಗ್ಲಿಷ್ ಪದಗಳೇ ರಿಕವರಿ ಪದಗಳು. ಅವು 2,048 ಪದಗಳ ಒಂದು ನಿಗದಿತ ಪಟ್ಟಿಯಿಂದ ಆಯ್ದವು. ಅವುಗಳನ್ನು ಅದೇ ಅನುಕ್ರಮದಲ್ಲಿ ಜಗತ್ತಿನ ಯಾವುದೇ ಮೂಲೆಯ ಫೋನಿನ ವ್ಯಾಲೆಟ್ ಆ್ಯಪ್‌ನಲ್ಲಿ ತುಂಬಿದರೂ ಅದೇ ಕೀಲಿ ಮರಳಿ ಹುಟ್ಟುತ್ತದೆ. ಹೀಗಾಗಿ ಆ ಪದಗಳು ಯಾರ ಕೈಯಲ್ಲಿವೆಯೋ ಹಣ ಅವರದೇ. ಅಲ್ಲಿ ಪಾಸ್‌ವರ್ಡ್, ಬೆರಳಚ್ಚು, ಓಟಿಪಿ ಯಾವುದೂ ಅಡ್ಡ ಬರುವುದಿಲ್ಲ.

ಅಪ್‌ಡೇಟ್ ಎಂದರೆ ಆ ಕೀಲಿಯನ್ನು ಬಳಸುವ ತಂತ್ರಾಂಶ ಬದಲಾಗುವುದೇ ಹೊರತು ಕೀಲಿ ಬದಲಾಗುವುದಲ್ಲ. ಆದ್ದರಿಂದ ಅಪ್‌ಡೇಟ್‌ಗಾಗಿ, ಪರಿಶೀಲನೆಗಾಗಿ, ಸಿಂಕ್ ಮಾಡುವುದಕ್ಕಾಗಿ, ಕೆವೈಸಿಗಾಗಿ ರಿಕವರಿ ಪದಗಳನ್ನು ಕೇಳುವ ಪುಟ ಯಾವ ವಿಳಾಸದಲ್ಲಿದ್ದರೂ ಕಳ್ಳರದೇ. ಇಲ್ಲೊಂದು ಗೊಂದಲಕ್ಕೆ ಎಡೆಯಿದೆ. ಕೀಲಿಯನ್ನು ಪ್ರತ್ಯೇಕ ಪುಟ್ಟ ಉಪಕರಣದಲ್ಲಿ ಕಾಯ್ದಿಡುವ ಹಾರ್ಡ್‌ವೇರ್ ವ್ಯಾಲೆಟ್‌ನ ಫರ್ಮ್‌ವೇರ್ (ಉಪಕರಣದೊಳಗಿನ ತಂತ್ರಾಂಶ) ಬದಲಿಸುವ ಮುನ್ನ ಪದಗಳ ಕಾಗದ ಕೈಗೆಟುಕುವಂತಿದೆಯೇ ಎಂದು ನೋಡಿಕೊಳ್ಳಿ ಎಂದು ಕಂಪನಿಗಳೇ ಹೇಳುವುದುಂಟು. ನಡುವೆ ಏನಾದರೂ ಕೆಟ್ಟು ಉಪಕರಣ ಖಾಲಿಯಾದರೆ ಮರಳಿ ತುಂಬಲಿಕ್ಕೆ ಆ ಎಚ್ಚರಿಕೆ. ಹಾಗೆ ತುಂಬುವಾಗಲೂ ಈಚಿನ ಮಾದರಿಗಳಲ್ಲಿ ಪದಗಳನ್ನು ಉಪಕರಣದ ಪುಟ್ಟ ಪರದೆಯಲ್ಲೇ ಆರಿಸಬೇಕು. ಜಾಲತಾಣದ ಪುಟದಲ್ಲಿ ಟೈಪ್ ಮಾಡಬೇಕಾದ ಸಂದರ್ಭ ಬರುವುದಿಲ್ಲ.

ನಕಲು ಎಷ್ಟು ನಿಜದಂತೆ ಇರಬಲ್ಲದು

2022ರ ಏಪ್ರಿಲ್ ಮೊದಲ ವಾರದಲ್ಲಿ ಟ್ರೆಜರ್ ಹಾರ್ಡ್‌ವೇರ್ ವ್ಯಾಲೆಟ್ ಬಳಕೆದಾರರಿಗೆ ಬಂದ ಪತ್ರವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಕಂಪನಿಯಲ್ಲಿ ಭದ್ರತಾ ಲೋಪವಾಗಿದೆ, 1,06,856 ಗ್ರಾಹಕರ ಮಾಹಿತಿ ಸೋರಿದೆ, ಅದರಲ್ಲಿ ನಿಮ್ಮದೂ ಇದೆ, ಕಂಪನಿಯ ಆ್ಯಪ್ ಆದ ಟ್ರೆಜರ್ ಸೂಟ್‌ನ ಹೊಸ ಆವೃತ್ತಿ ಇಳಿಸಿಕೊಂಡು ಹೊಸ ಪಿನ್ ಹಾಕಿಕೊಳ್ಳಿ ಎಂದು ಅದು ಹೇಳುತ್ತಿತ್ತು. ಸುಮಾರು ಒಂದು ಲಕ್ಷ ಎನ್ನದೆ ಬಿಡಿ ಸ್ಥಾನದವರೆಗೂ ಸಂಖ್ಯೆ ಕೊಟ್ಟಿದ್ದು ನಂಬಿಸುವುದಕ್ಕಾಗಿಯೇ. ಪತ್ರ ಬಂದದ್ದು ಕಂಪನಿಯ ನಿಜವಾದ ವಿಳಾಸವಾದ ಟ್ರೆಜರ್ ಡಾಟ್ ಐಓದಿಂದಲ್ಲ, ಟ್ರೆಜರ್ ಡಾಟ್ ಯುಎಸ್‌ನಿಂದ. ಲಿಂಕ್ ಒತ್ತಿದವರು ತಲುಪುತ್ತಿದ್ದ ತಾಣದ ಹೆಸರಿನಲ್ಲಿ ಇಂಗ್ಲಿಷಿನ 'ಇ' ಅಕ್ಷರದ ಬದಲಿಗೆ ಕೆಳಗೆ ಚುಕ್ಕೆಯಿರುವ ಬೇರೊಂದು ಅಕ್ಷರವಿತ್ತು. ಮೊಬೈಲ್ ಪರದೆಯ ಮೇಲೆ ಆ ಚುಕ್ಕೆಯನ್ನು ಧೂಳಿನ ಕಣವೆಂದು ಒರೆಸಿಬಿಡಬಹುದು, ಅಷ್ಟು ಚಿಕ್ಕದು. ಟ್ರೆಜರ್ ಸೂಟ್‌ನ ಮೂಲ ಸಂಕೇತ (ಸೋರ್ಸ್ ಕೋಡ್) ಎಲ್ಲರಿಗೂ ತೆರೆದಿರುವುದರಿಂದ, ಕಳ್ಳರು ಅದನ್ನೇ ತೆಗೆದುಕೊಂಡು ನಕಲಿ ಆ್ಯಪ್ ಕಟ್ಟಿದ್ದರು. ನೋಟದಲ್ಲಿ ಅಸಲಿಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ; ಪದಗಳನ್ನು ಕೇಳಿ ತಮ್ಮ ಕಡೆಗೆ ಕಳುಹಿಸುವುದೊಂದೇ ಬೇರೆ. ಟ್ರೆಜರ್‌ನ ಸುದ್ದಿಪತ್ರ ಪಡೆಯುವವರ ವಿಳಾಸಗಳು ಕಳ್ಳರಿಗೆ ಸಿಕ್ಕದ್ದು ಮೇಲ್‌ಚಿಂಪ್ ಎಂಬ ಇಮೇಲ್ ಸೇವಾ ಸಂಸ್ಥೆಯ ಒಳಗೆ ನುಗ್ಗಿದ್ದರಿಂದ.

ಹೆಸರು ಹಿಡಿದು ಬರೆದಿದ್ದಾರೆ, ನನ್ನ ಹತ್ತಿರ ಯಾವ ವ್ಯಾಲೆಟ್ ಇದೆಯೆಂದೂ ಗೊತ್ತಿದೆ, ಆದ್ದರಿಂದ ಇದು ಕಂಪನಿಯದೇ ಪತ್ರ ಎಂದು ಯೋಚಿಸುವವರು ಹಾರ್ಡ್‌ವೇರ್ ವ್ಯಾಲೆಟ್ ಮಾರುವ ಲೆಡ್ಜರ್ ಕಂಪನಿಯ ಪ್ರಕರಣವನ್ನು ತಿಳಿದಿರಬೇಕು. 2020ರಲ್ಲಿ ಆ ಕಂಪನಿಯ ಮಾರಾಟ ವಿಭಾಗದ ದತ್ತಾಂಶ ಸೋರಿ, ಸುಮಾರು ಹತ್ತು ಲಕ್ಷ ಇಮೇಲ್ ವಿಳಾಸಗಳೂ, 2.7 ಲಕ್ಷದಷ್ಟು ಗ್ರಾಹಕರ ಹೆಸರು, ಮನೆ ವಿಳಾಸ ಮತ್ತು ಫೋನ್ ಸಂಖ್ಯೆಗಳೂ ಅದೇ ಡಿಸೆಂಬರ್‌ನಲ್ಲಿ ಬಹಿರಂಗವಾದವು. ನಂತರದ ವರ್ಷ ಕೆಲವರ ಮನೆಗೆ ಅಂಚೆಯಲ್ಲಿ ತಿರುಚಿದ ಉಪಕರಣಗಳೇ ಬಂದವು. ಭದ್ರತೆಗಾಗಿ ಹಳೆಯದನ್ನು ಬಿಟ್ಟು ಇದನ್ನು ಬಳಸಿ ಎಂಬ ಕಾಗದವೂ ಜೊತೆಗಿತ್ತು.

ಕಳುಹಿಸಿದವರ ವಿಳಾಸ ಸರಿಯಾಗಿದ್ದರೆ ಸಾಕೆಂಬ ನಂಬಿಕೆಯೂ ನಿಲ್ಲುವುದಿಲ್ಲ. 2023ರ ಫೆಬ್ರವರಿಯಲ್ಲಿ ಡೊಮೇನ್ (ಜಾಲತಾಣದ ಹೆಸರು) ಮಾರುವ ನೇಮ್‌ಚೀಪ್ ಕಂಪನಿಯ ಇಮೇಲ್ ವ್ಯವಸ್ಥೆಯಿಂದಲೇ ಮೆಟಾಮಾಸ್ಕ್ ಎಂಬ ವ್ಯಾಲೆಟ್‌ನ ಹೆಸರಿನ ಕೆವೈಸಿ ಪತ್ರಗಳು ಹೊರಟವು. 2024ರ ಜನವರಿಯಲ್ಲಿ ಮೇಲರ್‌ಲೈಟ್ ಎಂಬ ಇಮೇಲ್ ಸೇವೆಯೊಳಗೆ ಹೊಕ್ಕ ಕಳ್ಳರು ವ್ಯಾಲೆಟ್‌ಕನೆಕ್ಟ್, ಕಾಯಿನ್‌ಟೆಲಿಗ್ರಾಫ್ ಮೊದಲಾದ ಕ್ರಿಪ್ಟೊ ಸಂಸ್ಥೆಗಳ ನಿಜವಾದ ವಿಳಾಸಗಳಿಂದಲೇ ಪತ್ರ ಕಳುಹಿಸಿ ಲಕ್ಷಾಂತರ ಡಾಲರ್ ಬಾಚಿಕೊಂಡರು. ಜಿಮೇಲ್‌ನಂಥ ಸೇವೆಗಳು ಮಾಡುವ ತಾಂತ್ರಿಕ ಪರೀಕ್ಷೆಯಲ್ಲಿ ಇಂಥ ಪತ್ರ ಪಾಸಾಗುತ್ತದೆ, ಏಕೆಂದರೆ ಹೊರಟ ಜಾಗ ಅಸಲಿಯೇ. ಎಷ್ಟೇ ಜಾಣರಾದರೂ ಕಣ್ಣಿನಿಂದ ನೋಡಿ ಇದನ್ನು ಕಂಡುಹಿಡಿಯಲಾಗದು.

ನಿಜವಾದ ಅಪ್‌ಡೇಟ್ ಮಾಡಿಕೊಳ್ಳುವ ಕ್ರಮ

ಪತ್ರ ಬಂದಾಗ ಅದನ್ನು ಮುಚ್ಚಿ, ವ್ಯಾಲೆಟ್ ಆ್ಯಪನ್ನು ನೀವೇ ತೆರೆಯಿರಿ. ಮೊಬೈಲ್ ವ್ಯಾಲೆಟ್ ಆದರೆ ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ಗೆ ಹೋಗಿ, ಈಗಾಗಲೇ ಫೋನಿನಲ್ಲಿರುವ ಆ್ಯಪ್‌ಗೆ ಅಪ್‌ಡೇಟ್ ಬಂದಿದೆಯೇ ನೋಡಿ. ಅದೇ ಹೆಸರಿನ ಮತ್ತೊಂದು ಆ್ಯಪ್ ಹುಡುಕಿ ಹಾಕಿಕೊಳ್ಳಬೇಡಿ. ಬ್ರೌಸರ್‌ಗೆ ಅಂಟಿಕೊಂಡಿರುವ ಮೆಟಾಮಾಸ್ಕ್‌ನಂಥ ವಿಸ್ತರಣೆಗಳನ್ನು ಬ್ರೌಸರ್ ತಾನಾಗಿಯೇ ಹೊಸದು ಮಾಡಿಕೊಳ್ಳುತ್ತದೆ. ಹಾರ್ಡ್‌ವೇರ್ ವ್ಯಾಲೆಟ್ ಆದರೆ ಉಪಕರಣವನ್ನು ಜೋಡಿಸಿ, ಕಂಪನಿಯ ಆ್ಯಪ್ ಏನು ಹೇಳುತ್ತದೆ ಎಂಬುದನ್ನು ಉಪಕರಣದ ಪರದೆಯಲ್ಲೂ ಕಂಡು ಖಚಿತಪಡಿಸಿಕೊಂಡು ಮುಂದುವರಿಯಿರಿ.

ಕಂಪ್ಯೂಟರ್‌ನಲ್ಲಿ ಬಳಸುವ ವ್ಯಾಲೆಟ್‌ಗಳ ವಿಷಯದಲ್ಲಿ ಇನ್ನೊಂದು ಹೆಜ್ಜೆ ಹೆಚ್ಚಿನ ಎಚ್ಚರ ಬೇಕು. 2018ರ ಡಿಸೆಂಬರ್‌ನಲ್ಲಿ ಇಲೆಕ್ಟ್ರಮ್ ವ್ಯಾಲೆಟ್ ಬಳಸುತ್ತಿದ್ದವರಿಗೆ ಇಮೇಲ್ ಬರಲಿಲ್ಲ. ಹಣ ಕಳುಹಿಸುವಾಗ ಆ್ಯಪ್‌ನೊಳಗೇ ದೋಷ ಸಂದೇಶವೊಂದು ತೆರೆದುಕೊಂಡು, ಹೊಸ ಆವೃತ್ತಿ ಇಳಿಸಿಕೊಳ್ಳಿ ಎಂದು ಲಿಂಕ್ ತೋರಿಸಿತು. ಕಳ್ಳರು ನಡೆಸುತ್ತಿದ್ದ ಸರ್ವರ್‌ಗಳಿಗೆ ಆ್ಯಪ್ ಸಂಪರ್ಕಗೊಂಡಾಗ ಅವು ಕಳುಹಿಸಿದ ಬರಹವನ್ನು ಆ್ಯಪ್ ಹಾಗೆಯೇ ತೋರಿಸುತ್ತಿತ್ತು. ಮೊದಲ ಕೆಲವೇ ದಿನಗಳಲ್ಲಿ 200ಕ್ಕೂ ಹೆಚ್ಚು ಬಿಟ್‌ಕಾಯಿನ್ ಹೋದವು. ಇಲೆಕ್ಟ್ರಮ್ ತಂಡ ಲೋಪವನ್ನು ಸರಿಪಡಿಸಿದ ಮೇಲೂ ಹಳೆಯ ಆವೃತ್ತಿಯಲ್ಲೇ ಉಳಿದಿದ್ದವರು ಅದೇ ಬಲೆಗೆ ಬೀಳುತ್ತಲೇ ಇದ್ದರು. 2020ರ ಆಗಸ್ಟ್‌ನಲ್ಲಿ ಒಬ್ಬರು 1,400 ಬಿಟ್‌ಕಾಯಿನ್ ಕಳೆದುಕೊಂಡಿದ್ದಾಗಿ ಹೇಳಿಕೊಂಡರು. ಅಪ್‌ಡೇಟ್ ಪತ್ರಗಳಿಗೆ ಹೆದರಿ ಅಪ್‌ಡೇಟ್ ಮಾಡುವುದನ್ನೇ ಬಿಡುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಆದ್ದರಿಂದ ವ್ಯಾಲೆಟ್ ಕೊಂಡ ದಿನವೇ ಕಂಪನಿಯ ತಾಣವನ್ನು ಬುಕ್‌ಮಾರ್ಕ್ ಮಾಡಿಟ್ಟುಕೊಂಡು, ತಿಂಗಳಿಗೊಮ್ಮೆ ಆ ಬುಕ್‌ಮಾರ್ಕ್‌ನಿಂದಲೇ ಹೋಗಿ ಹೊಸ ಆವೃತ್ತಿ ನೋಡುವ ಪದ್ಧತಿ ಇಟ್ಟುಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವುದು ಹಣ ಕೊಟ್ಟು ಹಾಕಿಸಿದ ಜಾಹೀರಾತು ಆಗಿರಬಹುದು. ಅಲ್ಲಿಯೂ ನಕಲಿ ವ್ಯಾಲೆಟ್ ತಾಣಗಳು ಕಾಣಿಸಿಕೊಂಡಿವೆ. ಇಳಿಸಿಕೊಂಡ ಫೈಲಿನ ಡಿಜಿಟಲ್ ಸಹಿ ಪರಿಶೀಲಿಸುವ ವಿಧಾನವನ್ನು ಇಲೆಕ್ಟ್ರಮ್‌ನಂಥವು ತಮ್ಮ ತಾಣದಲ್ಲೇ ವಿವರಿಸಿವೆ. ದೊಡ್ಡ ಮೊತ್ತ ಇಟ್ಟವರು ಅದನ್ನು ಕಲಿಯಲೇಬೇಕು.

ಪದಗಳನ್ನು ಕೇಳದ ಪತ್ರಗಳೂ ಇವೆ. 2025ರ ಮಾರ್ಚ್‌ನಲ್ಲಿ ಕಾಯಿನ್‌ಬೇಸ್ ಎಂಬ ಎಕ್ಸ್‌ಚೇಂಜ್‌ನ (ಕ್ರಿಪ್ಟೊ ಕೊಳ್ಳುವ, ಮಾರುವ ತಾಣ) ಹೆಸರಿನಲ್ಲಿ ಹರಿದಾಡಿದ ಪತ್ರವು, ನ್ಯಾಯಾಲಯದ ಆದೇಶದಂತೆ ಏಪ್ರಿಲ್ 1ರೊಳಗೆ ಎಲ್ಲರೂ ಸ್ವಂತ ವ್ಯಾಲೆಟ್‌ಗೆ ಬದಲಾಗಬೇಕೆಂದು ಹೇಳಿ, ರಿಕವರಿ ಪದಗಳನ್ನು ತಾನೇ ಕೊಡುತ್ತಿತ್ತು. ಇಳಿಸಿಕೊಳ್ಳಲು ಹೇಳಿದ ಆ್ಯಪ್ ಅಸಲಿ, ಪದಗಳು ಮಾತ್ರ ಕಳ್ಳರಿಗೆ ಮೊದಲೇ ಗೊತ್ತಿರುವಂಥವು; ಹಣವನ್ನು ನಾವೇ ಕೈಯಾರೆ ಅವರ ವ್ಯಾಲೆಟ್‌ಗೆ ಸಾಗಿಸಿದಂತಾಗುತ್ತಿತ್ತು. ಪದಗಳು ನಿಮ್ಮ ವ್ಯಾಲೆಟ್‌ನಲ್ಲಿ ನಿಮ್ಮ ಕಣ್ಣೆದುರಿಗೇ ಹುಟ್ಟಬೇಕು, ಬೇರೆಯವರು ಬರೆದುಕೊಟ್ಟ ಪದಗಳನ್ನು ಯಾವ ಕಾರಣಕ್ಕೂ ಬಳಸಬಾರದು.

ಭಾರತದ ಎಕ್ಸ್‌ಚೇಂಜ್‌ಗಳಲ್ಲಿ ಖಾತೆ ಇರುವವರಿಗೆ ಇಂಥ ನೆಪ ಹೂಡುವುದು ಇನ್ನೂ ಸುಲಭ. 2022ರ ಜುಲೈನಿಂದ ಕ್ರಿಪ್ಟೊ ವರ್ಗಾವಣೆಯ ಮೇಲೆ ಶೇ. 1ರ ಟಿಡಿಎಸ್ ಇದೆ, 2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಯಲ್ಲಿವೆ, ಹೀಗಾಗಿ ಕೆವೈಸಿ ಮತ್ತೆ ಮಾಡಿಸಿ ಎಂಬ ಮಾತು ಯಾರಿಗೂ ಅಸಹಜವಾಗಿ ತೋರುವುದಿಲ್ಲ. ಬಾಕಿ ಕೆಲಸವೇನಾದರೂ ಇದ್ದರೆ ಆ್ಯಪ್‌ಗೆ ನೀವೇ ಲಾಗಿನ್ ಆದಾಗ ಅಲ್ಲಿಯೇ ಕಾಣುತ್ತದೆ.

ಲಿಂಕ್ ಒತ್ತಿಬಿಟ್ಟಿದ್ದರೆ

ಪತ್ರ ತೆರೆದದ್ದರಿಂದ, ಅಥವಾ ಪುಟ ನೋಡಿ ಏನನ್ನೂ ತುಂಬದೆ ಮುಚ್ಚಿದ್ದರಿಂದ ಸಾಮಾನ್ಯವಾಗಿ ಹಣ ಹೋಗುವುದಿಲ್ಲ. ಫೈಲ್ ಇಳಿಸಿಕೊಂಡಿದ್ದು ತೆರೆಯದೆ ಇದ್ದರೆ ಅಳಿಸಿಬಿಡಿ. ಇನ್‌ಸ್ಟಾಲ್ ಮಾಡಿದ್ದರೆ ಆ ಕಂಪ್ಯೂಟರ್‌ನ ಇಂಟರ್ನೆಟ್ ಕಡಿದು, ಅದರಲ್ಲಿ ಇನ್ನು ಯಾವ ವ್ಯಾಲೆಟನ್ನೂ ತೆರೆಯಬೇಡಿ.

ರಿಕವರಿ ಪದಗಳನ್ನು ಕೊಟ್ಟಿದ್ದರೆ ಮಾತ್ರ ಒಂದು ನಿಮಿಷವೂ ವ್ಯರ್ಥವಾಗಬಾರದು. ಪಾಸ್‌ವರ್ಡ್ ಅಥವಾ ಪಿನ್ ಬದಲಿಸುವುದರಿಂದ ಏನೂ ಪ್ರಯೋಜನವಿಲ್ಲ, ಏಕೆಂದರೆ ಕಳ್ಳರು ಅವುಗಳನ್ನು ಬಳಸುವುದೇ ಇಲ್ಲ. ಬೇರೊಂದು ಶುದ್ಧ ಫೋನ್ ಅಥವಾ ಉಪಕರಣದಲ್ಲಿ ಹೊಸ ಪದಗಳೊಂದಿಗೆ ಹೊಸ ವ್ಯಾಲೆಟ್ ತೆರೆದು, ಹೆಚ್ಚು ಬೆಲೆಯುಳ್ಳದ್ದನ್ನು ಮೊದಲು, ಉಳಿದದ್ದನ್ನು ನಂತರ ಅಲ್ಲಿಗೆ ವರ್ಗಾಯಿಸಿ. ಅದೇ ಪದಗಳಿಂದ ತೆರೆದ ಎಲ್ಲ ಖಾತೆಗಳೂ, ಎಲ್ಲ ನೆಟ್‌ವರ್ಕ್‌ಗಳೂ ಹೋದಂತೆಯೇ ಎಂದು ಲೆಕ್ಕ ಹಾಕಬೇಕು. ಹಳೆಯ ವ್ಯಾಲೆಟ್‌ಗೆ ಮುಂದೆಂದೂ ಏನನ್ನೂ ಕಳುಹಿಸಬಾರದು. ಶುಲ್ಕಕ್ಕೆಂದು ಅಲ್ಲಿಗೆ ಹಾಕಿದ ಚಿಲ್ಲರೆ ಈಥರನ್ನೂ (ಇಥೀರಿಯಂ ಜಾಲದ ನಾಣ್ಯ) ಕ್ಷಣಾರ್ಧದಲ್ಲಿ ಎಳೆದುಕೊಳ್ಳುವ ಸ್ವಯಂಚಾಲಿತ ಬಾಟ್‌ಗಳನ್ನು ಕಳ್ಳರು ಇಟ್ಟಿರುತ್ತಾರೆ.

ಪದ ಕೊಡದೆ ವ್ಯಾಲೆಟ್ ಕನೆಕ್ಟ್ ಮಾಡಿ ಯಾವುದೋ ಅನುಮತಿಗೆ ಒಪ್ಪಿಗೆ ಒತ್ತಿದ್ದರೆ, ಕಳ್ಳರಿಗೆ ಸಿಕ್ಕಿರುವುದು ಕೀಲಿಯಲ್ಲ, ಕೆಲವು ಟೋಕನ್‌ಗಳನ್ನು (ಬ್ಲಾಕ್‌ಚೈನ್ ಮೇಲಿನ ಡಿಜಿಟಲ್ ಆಸ್ತಿ) ತೆಗೆದುಕೊಳ್ಳುವ ಹಕ್ಕು. ಅಂಥ ಅನುಮತಿಗಳನ್ನು, ಇಥೀರಿಯಂ ಜಾಲದ ವ್ಯವಹಾರಗಳನ್ನು ತೋರಿಸುವ ಈಥರ್‌ಸ್ಕ್ಯಾನ್ ತಾಣದ ಟೋಕನ್ ಅಪ್ರೂವಲ್ ಪುಟದಲ್ಲಿ ನೋಡಿ ಹಿಂದಕ್ಕೆ ಪಡೆಯಬಹುದು. ಎಕ್ಸ್‌ಚೇಂಜ್ ಖಾತೆಯ ಪಾಸ್‌ವರ್ಡ್ ಕೊಟ್ಟಿದ್ದರೆ, ಆ್ಯಪ್‌ನೊಳಗಿಂದಲೇ ಖಾತೆಯನ್ನು ಫ್ರೀಜ್ ಮಾಡಿಸಿ, ಅದೇ ಪಾಸ್‌ವರ್ಡ್ ಇರುವ ಇಮೇಲ್ ಖಾತೆಯನ್ನೂ ಭದ್ರಪಡಿಸಿಕೊಳ್ಳಿ.

ದೂರು ಕೊಡುವುದು

ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ, ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರು ದಾಖಲಿಸಿ. ಕರ್ನಾಟಕದಲ್ಲಿರುವವರು ತಮ್ಮ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೂ ಹೋಗಬಹುದು. ಬ್ಲಾಕ್‌ಚೈನ್‌ನಲ್ಲಿ ನಡೆದ ವರ್ಗಾವಣೆಯನ್ನು ಯಾರೂ ಹಿಂದಕ್ಕೆ ತಿರುಗಿಸಲಾರರು. ಆದರೆ ಕದ್ದದ್ದು ಯಾವುದಾದರೂ ಎಕ್ಸ್‌ಚೇಂಜ್‌ಗೆ ಬಂದು ಸೇರಿದರೆ ಅದನ್ನು ತಡೆಹಿಡಿಯುವ ಅವಕಾಶವಿದೆ, ಡಾಲರ್ ಬೆಲೆಗೆ ಕಟ್ಟಿಹಾಕಿದ ಯುಎಸ್‌ಡಿಟಿಯಂಥ ಟೋಕನ್‌ಗಳನ್ನು ಹೊರತಂದ ಕಂಪನಿಗಳೂ ನಿರ್ದಿಷ್ಟ ವಿಳಾಸಗಳನ್ನು ಸ್ತಂಭಿಸಬಲ್ಲವು. ಅದಕ್ಕೆ ದೂರು ಬೇಗ ತಲುಪಬೇಕು, ವಿವರ ಪೂರ್ತಿಯಾಗಿರಬೇಕು. ನಿಮ್ಮ ವ್ಯಾಲೆಟ್ ವಿಳಾಸ, ಹಣ ಹೋದ ವಿಳಾಸ, ಟ್ರಾನ್ಸಾಕ್ಷನ್ ಐಡಿ, ದಿನಾಂಕ ಮತ್ತು ಸಮಯವನ್ನು ಚಿತ್ರವಾಗಿ ಮಾತ್ರವಲ್ಲದೆ ನಕಲು ಮಾಡಿಕೊಳ್ಳಬಹುದಾದ ಅಕ್ಷರಗಳಲ್ಲೇ ಕೊಡಿ. ಸುಮಾರು ನಲವತ್ತು ಅಕ್ಷರಗಳ ವಿಳಾಸವನ್ನು ಸ್ಕ್ರೀನ್‌ಶಾಟ್ ನೋಡಿ ಬರೆದುಕೊಳ್ಳುವಾಗ ಒಂದು ಅಕ್ಷರ ತಪ್ಪಿದರೂ ತನಿಖೆಯ ಜಾಡು ತಪ್ಪುತ್ತದೆ. ಪತ್ರವನ್ನು ಅಳಿಸಬೇಡಿ. ಜಿಮೇಲ್‌ನಲ್ಲಿ ಅದನ್ನು ತೆರೆದು, ಮೂರು ಚುಕ್ಕೆಗಳ ಮೆನುವಿನಲ್ಲಿ 'ಶೋ ಒರಿಜಿನಲ್' ಆರಿಸಿ ಮೂಲ ಪ್ರತಿಯನ್ನೇ ಇಳಿಸಿಕೊಳ್ಳಿ. ಪತ್ರ ಯಾವ ಸರ್ವರ್‌ನಿಂದ ಹೊರಟಿತು ಎಂಬ ಮಾಹಿತಿ ಅದರಲ್ಲಿರುತ್ತದೆ, ಸ್ಕ್ರೀನ್‌ಶಾಟ್‌ನಲ್ಲಿ ಇರುವುದಿಲ್ಲ.

ಹಣ ಕಳೆದುಕೊಂಡ ಸಂಗತಿಯನ್ನು ಸಾಮಾಜಿಕ ಜಾಲತಾಣದಲ್ಲಿ ಬರೆದ ಕೂಡಲೇ, ಕದ್ದ ಕ್ರಿಪ್ಟೊ ಮರಳಿ ತಂದುಕೊಡುತ್ತೇವೆ ಎನ್ನುವವರ ಸಂದೇಶಗಳು ಬರತೊಡಗುತ್ತವೆ. ಮುಂಗಡ ಶುಲ್ಕ ಕೇಳುವವರೂ, ಪರಿಶೀಲನೆಗೆಂದು ಹೊಸ ವ್ಯಾಲೆಟ್‌ನ ಪದಗಳನ್ನು ಕೇಳುವವರೂ ವಂಚಕರೇ. ನೊಂದವರ ಆತುರವನ್ನು ಹೀಗೆ ಬಳಸಿಕೊಳ್ಳುವುದು ಅತ್ಯಂತ ಕ್ರೂರವಾದ ಮೋಸ. ಅವರ ಸಂದೇಶಗಳಿಗೆ ಉತ್ತರಿಸದೆ, ಮೊದಲ ದೂರಿಗೆ ಸಿಕ್ಕ ಸ್ವೀಕೃತಿ ಸಂಖ್ಯೆಯನ್ನು ಉಲ್ಲೇಖಿಸಿ ಈ ವಿವರವನ್ನೂ ತನಿಖಾಧಿಕಾರಿಗೆ ತಿಳಿಸಿ.